ನಾರ್ತ್ ಕ್ರೀಕಿನ ಝೀರೋ ಬಲ್ಬ್

ಹೋದ ತಿಂಗಳು ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಒಣಕೊಬ್ಬರಿಯ ಪ್ಯಾಕೆಟ್ಟೊಂದನ್ನು ಕೈಗೆತ್ತಿಕೊಂಡೆ. ಮೂಲೆ ಹರಿದಿತ್ತು, ಒಳಗಿನಿಂದ ಕಮಟು ವಾಸನೆ ಬಂತು. ಬುದ್ಧಿ ಇರುವವರು ಅದನ್ನು ಅಲ್ಲೇ ಇಟ್ಟು ಬೇರೆಯದನ್ನು ತೆಗೆದುಕೊಳ್ಳುತ್ತಾರೆ. ನಾನು ಇನ್ನೊಮ್ಮೆ ಮೂಸಿ ನೋಡಿದೆ. ಕಮಟು ಕೊಬ್ಬರಿ ಎಂದರೆ ನನಗೆ ಸತ್ತ ಬ್ಯಾಟರಿಗಳ ನೆನಪು. ಯಾಕೆ ಹೀಗೆ ಎಂದು ಹೇಳಬೇಕಾದರೆ 2014ರ ಚಳಿಗಾಲಕ್ಕೆ ಹೋಗಬೇಕು.

ಆಗ ನಾನು ಸಿಯಾಟಲ್‌ನಲ್ಲಿ ಸಾರ್ವಜನಿಕ ನೀತಿ ಓದುತ್ತಿದ್ದೆ. ಕೋರ್ಸಿನ ಭಾಗವಾಗಿ ಎಲ್ಲಾದರೂ ಕೆಲವು ತಿಂಗಳು ಕೆಲಸ ಮಾಡಬೇಕಿತ್ತು. ನನ್ನ ಪಾಲಿಗೆ ಬಂದದ್ದು ಊರ ಹೊರವಲಯದ ನಾರ್ತ್ ಕ್ರೀಕಿನ ಒಂದು ಸಣ್ಣ ಸಂಸ್ಥೆ. ಸುತ್ತ ಔಷಧಿ ಕಂಪನಿಗಳ, ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು. ಅವುಗಳ ಹಿಂದೆ, ಜೌಗು ನೆಲಕ್ಕೆ ಬೆನ್ನು ಕೊಟ್ಟು, ಗೋದಾಮಿನಂಥ ಒಂದು ಕೋಣೆ. ಅಲ್ಲಿ ತಯಾರಾಗುತ್ತಿದ್ದದ್ದು ಮನೆಬಳಕೆಯ ಸೋಲಾರ್ ದೀಪಗಳು: ಒಂದು ಪುಟ್ಟ ಪ್ಯಾನೆಲ್, ಒಂದು ಬ್ಯಾಟರಿ, ಮೂರು ದೀಪ, ಎಲ್ಲ ಒಂದು ಪೆಟ್ಟಿಗೆಯಲ್ಲಿ. ಅವು ಹೋಗುತ್ತಿದ್ದದ್ದು ಪೆಸಿಫಿಕ್ ಸಾಗರದ ನಡುವೆ ಚೆಲ್ಲಾಡಿದಂತಿರುವ ಒಂದು ದ್ವೀಪರಾಷ್ಟ್ರಕ್ಕೆ. ದೇಶದ ಹೆಸರು ಬೇಡ, ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ರಾಜಧಾನಿಯಲ್ಲಿ ಕರೆಂಟ್ ಇದೆ. ಅಲ್ಲಿಂದ ದಿನಗಟ್ಟಲೆ ಹಡಗಿನಲ್ಲಿ ಹೋದರೆ ಸಿಗುವ ಹೊರದ್ವೀಪಗಳಲ್ಲಿ ಇಲ್ಲ. ಅಲ್ಲಿನ ಮನೆಗಳಿಗೆ ಸೀಮೆಎಣ್ಣೆ ದೀಪವೇ ಗತಿ.

ಇಲ್ಲಿ ನವೆಂಬರ್ ಎಂದರೆ ಬೆಳಗ್ಗೆ ಎಂಟಕ್ಕೂ ಮಬ್ಬು, ಸಂಜೆ ನಾಲ್ಕೂವರೆಗೆ ಕತ್ತಲು, ನಡುವೆ ಸೋನೆ ಮಳೆ. ಪ್ಯಾನೆಲ್ ಪರೀಕ್ಷೆ ಮಾಡಲು ಬಿಸಿಲು ಸಿಗದೆ ದೊಡ್ಡ ದೊಡ್ಡ ಹ್ಯಾಲೊಜೆನ್ ದೀಪಗಳನ್ನು ಹಚ್ಚಿ ಅವುಗಳ ಕೆಳಗೆ ಇಡುತ್ತಿದ್ದರು. ಕರೆಂಟ್ ಖರ್ಚು ಮಾಡಿ ಬೆಳಕು ಮಾಡಿ, ಆ ಬೆಳಕಿನಿಂದ ಮತ್ತೆ ಕರೆಂಟ್ ಮಾಡುವುದು. ಮೊದಲ ದಿನವೇ ನಾನು ಅದನ್ನು ನೋಡಿ ನಕ್ಕಿದ್ದೆ. ಸಂಸ್ಥೆ ಕಟ್ಟಿದ ಶ್ರೀಕಂಠಯ್ಯನವರು ನಗಲಿಲ್ಲ. "ನಗು ಪರ್ವಾಗಿಲ್ಲಮ್ಮ, ಆದ್ರೆ ಆ ಲೈಟಿನ ಹತ್ರ ಜಾಕೆಟ್ ಒಣಗಿಸ್ಬೇಡ" ಎಂದರು.

ಅವರು ನಂಜನಗೂಡಿನವರು. ಇಲ್ಲಿಗೆ ಓದಲು ಬಂದ ಕಾಲದಲ್ಲಿ ಇಡೀ ಸಿಯಾಟಲ್‌ನ ಕನ್ನಡಿಗರು ಒಂದು ಊಟದ ಮೇಜಿನ ಸುತ್ತ ಕೂರಬಹುದಿತ್ತಂತೆ. ವಿಮಾನಗಳ ವೈರಿಂಗ್ ವಿನ್ಯಾಸ ಮಾಡುತ್ತ ನಿವೃತ್ತರಾಗಿ, ಆಮೇಲೆ ಸುಮ್ಮನೆ ಕೂರಲಾರದೆ ಇದನ್ನು ಶುರು ಮಾಡಿದ್ದರು. ಬಿಗಿ ಮಾತಿನ ವಿಚಾರವಾದಿ. ರಾಹುಕಾಲ ಕೇಳಿದವರಿಗೆ ಗಡಿಯಾರ ತೋರಿಸುತ್ತಿದ್ದರು.

ಗುರುವಾರದ ಮೀಟಿಂಗಿನಲ್ಲಿ ಪ್ರತಿಯೊಂದು ನಿರ್ಧಾರಕ್ಕೂ ಯಾರಾದರೊಬ್ಬರು ವಿರೋಧ ಮಾತಾಡಲೇಬೇಕು ಎಂಬುದು ಅವರ ನಿಯಮ. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದೆ ಎಂದು ತಿಳಿದದ್ದೇ ಆ ಕುರ್ಚಿ ನನಗೆ ಖಾಯಂ ಆಯಿತು. ನಮ್ಮ ಕಡೆಯ ಚರ್ಚಾಸ್ಪರ್ಧೆಯನ್ನು ಕಂಡವರಿಗೆ ಗೊತ್ತು: ಒಂದು ಕಾಲೇಜಿನಿಂದ ಇಬ್ಬರು ಹೋಗುತ್ತಾರೆ, ಒಬ್ಬರು ವಿಷಯದ ಪರ, ಒಬ್ಬರು ವಿರೋಧ. ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಪೊಟ್ಟಣದ ಮಂಡಕ್ಕಿ ತಿಂದು, ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ತೊಳೆದು ಹಾಕಬೇಕು. ಇಬ್ಬರ ಅಂಕವೂ ಸೇರಿದರೆ ಪಾರಿತೋಷಕ ಕಾಲೇಜಿಗೆ. ದಾವಣಗೆರೆಯಲ್ಲಿದ್ದಷ್ಟು ಕಾಲ ನಾನು ವಿರೋಧ. ಹಾಗಾಗಿ ಎದುರಿಗಿರುವವರನ್ನು ಖಂಡಿಸುವುದಕ್ಕೂ ಅವರನ್ನು ಇಷ್ಟಪಡುವುದಕ್ಕೂ ಸಂಬಂಧವಿಲ್ಲ ಎಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಅಮೆರಿಕನ್ನರಿಗೆ ಇದು ಅರ್ಥವಾಗುವುದು ಕಷ್ಟ. ಮೀಟಿಂಗ್ ಮುಗಿದ ಮೇಲೆ ಕೆಲವರು ನನ್ನನ್ನು ಕಾಫಿ ಮಷೀನಿನ ಹತ್ತಿರ ಕಂಡರೆ ಸ್ವಲ್ಪ ಸರಿದು ನಿಲ್ಲುತ್ತಿದ್ದರು.

ನಾನು ಬಂದದ್ದೇ ಅನುಮಾನ ಇಟ್ಟುಕೊಂಡು. ದೂರದ ಶ್ರೀಮಂತರು ದೂರದ ಬಡವರಿಗೆ ಪೆಟ್ಟಿಗೆಯಲ್ಲಿ ಪರಿಹಾರ ತುಂಬಿ ಕಳಿಸುವುದು ನನಗೆ ಹಿಡಿಸುತ್ತಿರಲಿಲ್ಲ. ಮನೆಮನೆಗೆ ಪುಟ್ಟ ದೀಪ ಕೊಡುವ ಬದಲು ದ್ವೀಪದ ಆಸ್ಪತ್ರೆಗೆ ಒಂದು ದೊಡ್ಡ ಪ್ಯಾನೆಲ್ ಕೊಡಿ, ಲಸಿಕೆ ಇಡುವ ಫ್ರಿಜ್ಜಾದರೂ ಓಡುತ್ತದೆ ಎಂಬುದು ನನ್ನ ವಾದ. ಅದು ಕೆಟ್ಟ ವಾದವೇನಲ್ಲ. ಅದಕ್ಕೆ ಪುಷ್ಟಿ ಕೊಡುವಂತೆ ನಾನು ಸೇರಿದ ವಾರವೇ ಬ್ಯಾಟರಿಗಳು ವಾಪಸು ಬಂದವು.

ಅವು ಎರಡು ವರ್ಷ ಹಿಂದೆ ಒಂದು ಹೊರದ್ವೀಪಕ್ಕೆ ಹೋಗಿದ್ದವು. ಬಹಳ ಕಾಲ ಬಾಳಬೇಕಾದವು ಒಂದೇ ವರ್ಷದಲ್ಲಿ ಸತ್ತಿದ್ದವು. ಕಾರಣ ಹುಡುಕಲೆಂದು ಕೆಲವನ್ನು ತರಿಸಿದ್ದರು. ಆ ದ್ವೀಪದಿಂದ ಹೊರಡುವ ಹಡಗುಗಳಲ್ಲಿ ತುಂಬುವುದು ಕೊಬ್ಬರಿ ಮಾತ್ರ, ಬ್ಯಾಟರಿಗಳೂ ಕೊಬ್ಬರಿ ತುಂಬಿದ್ದ ಹಳೆಯ ಗೋಣಿಯಲ್ಲೇ ಸುತ್ತಿಕೊಂಡು ಬಂದವು. ಗೋಣಿ ಬಿಚ್ಚಿದ ದಿನ ಇಡೀ ಕೋಣೆ ಕಮಟು ಹಿಡಿಯಿತು. ಶ್ರೀಕಂಠಯ್ಯನವರು ಮೂಗು ಮುಚ್ಚಿಕೊಳ್ಳದೆ ಒಂದೊಂದನ್ನೇ ಮೇಜಿನ ಮೇಲೆ ಸಾಲಾಗಿ ಇಟ್ಟರು.

ಪ್ರತಿ ಪೆಟ್ಟಿಗೆಯಲ್ಲೂ ಯಾವ ಹೊತ್ತಿನಲ್ಲಿ ಎಷ್ಟು ಕರೆಂಟ್ ಹೋಯಿತೆಂದು ಗುರುತಿಡುವ ಒಂದು ಚಿಪ್ ಇತ್ತು. ಅದನ್ನು ಓದಿ ನೋಡಿದರೆ ಎಲ್ಲ ಮನೆಯದೂ ಒಂದೇ ಕತೆ: ಮುಸ್ಸಂಜೆಗೆ ಶುರುವಾದ ಖರ್ಚು ಬೆಳಕು ಹರಿಯುವ ತನಕ ನಿಂತಿಲ್ಲ. ದೀಪ ಸಂಜೆಯ ಕೆಲವು ಗಂಟೆಗೆಂದು ಲೆಕ್ಕ ಹಾಕಿ ಮಾಡಿದ್ದು. ರಾತ್ರಿಯಿಡೀ ಬ್ಯಾಟರಿಯ ತಳ ಕೆರೆದರೆ ಅದು ಬಾಳುವುದಿಲ್ಲ. ಜನ ಕಳ್ಳತನದಲ್ಲಿ ಏನೋ ಜೋಡಿಸಿದ್ದಾರೆ, ಮೀನಿನ ಫ್ರೀಜರೋ, ಟೀವಿಯೋ ಎಂದು ಎಲ್ಲರೂ ತೀರ್ಮಾನಿಸಿದರು. ಹಣ ಕೊಡುತ್ತಿದ್ದ ಬೆಲ್ವ್ಯೂ ಊರಿನ ಟ್ರಸ್ಟಿನ ಪರವಾಗಿ ಬರುತ್ತಿದ್ದ ಡಯಾನ್ ಎಂಬಾಕೆ, ಇದಕ್ಕೆ ಪರಿಹಾರ ಆಗದೆ ದೀಪಗಳ ಎರಡನೆಯ ಕಂತು ಹೋಗುವುದಿಲ್ಲ ಎಂದು ಮೆದುವಾಗಿ ಹೇಳಿದರು. ಶ್ರೀಕಂಠಯ್ಯನವರು ಪರಿಹಾರ ಮಾಡಿದರು. ದೀಪ ಹಚ್ಚಿ ಐದು ತಾಸಾದ ಮೇಲೆ ತಾನಾಗಿ ಎಲ್ಲವನ್ನೂ ಆರಿಸುವ ಒಂದು ಸ್ವಿಚ್. ಅಂಗೈಯಗಲದ ಆ ಡಬ್ಬಿಗಾಗಿ ಅವರು ಹಗಲೂ ರಾತ್ರಿ ಕೂತಿದ್ದರು.

ನಮ್ಮಲ್ಲಿ ಮೆರೆಟಾ ಇದ್ದಳು. ಅದೇ ಹೊರದ್ವೀಪದವಳು, ಇಲ್ಲೇ ನರ್ಸಿಂಗ್ ಓದುತ್ತ ವಾರಕ್ಕೆರಡು ದಿನ ಬಂದು ದ್ವೀಪದ ಜೊತೆಗಿನ ಮಾತುಕತೆ ನೋಡಿಕೊಳ್ಳುತ್ತಿದ್ದಳು. ನನ್ನದೇ ವಯಸ್ಸು. ಅವಳನ್ನು ಸಾಕಿದ ಚಿಕ್ಕಮ್ಮ ಇನ್ನೂ ಅಲ್ಲೇ ಇದ್ದರು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷ್, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಮಧ್ಯಾಹ್ನ ನಾನು ಆ ಖರ್ಚಿನ ಗೆರೆಗಳನ್ನು ಸ್ಕ್ರೀನಿನ ಮೇಲೆ ಇಟ್ಟುಕೊಂಡು ಕೂತಿದ್ದಾಗ ಅವಳು ಬಗ್ಗಿ ನೋಡಿದಳು. ನಡುರಾತ್ರಿಯಲ್ಲಿ ನಿಮ್ಮವರು ಏನು ಓಡಿಸುತ್ತಾರೆ ಎಂದು ಕೇಳಿದೆ.

"ದೀಪ" ಎಂದಳು.

"ಮಲಗಿದ ಮೇಲೂ?"

"ಮಲಗಿದ ಮೇಲೇನೇ. ಎದ್ದಿರುವಾಗ ಒಲೆ ಉರೀತಿರುತ್ತಲ್ಲ."

ಮಿಕ್ಕದ್ದನ್ನು ಅವಳು ನನ್ನ ಅಜ್ಞಾನಕ್ಕೆ ಮರುಗುತ್ತ ವಿವರಿಸಿದಳು. ಅವರ ದ್ವೀಪದಲ್ಲಿ ಯಾರೂ ಕತ್ತಲಲ್ಲಿ ಮಲಗುವುದಿಲ್ಲ. ಬತ್ತಿ ಸಣ್ಣ ಮಾಡಿ ಒಂದು ದೀಪ ಬೆಳಗಿನ ತನಕ ಇಡುತ್ತಾರೆ. ಹಿರಿಯರು ಸತ್ತವರ ಕಾರಣ ಹೇಳುತ್ತಾರೆ, ಮಕ್ಕಳಿರುವವರು ಮಕ್ಕಳ ಕಾರಣ ಹೇಳುತ್ತಾರೆ. ಕತ್ತಲಾದ ಮನೆ ಎಂದರೆ ಅಲ್ಲಿ ಸಾವಾಗಿದೆ, ಇಲ್ಲವೇ ಮನೆಯವರು ಊರು ಬಿಟ್ಟಿದ್ದಾರೆ. ದೀಪ ಆರಿತೆಂದರೆ ಪಕ್ಕದ ಮನೆಯವರು ಎದ್ದು ಬಂದು ಬಾಗಿಲು ಬಡಿಯುತ್ತಾರೆ. ಬ್ಯಾಟರಿಗಳು ಸತ್ತ ಮೇಲೆ ಚಿಕ್ಕಮ್ಮ ಮತ್ತೆ ಸೀಮೆಎಣ್ಣೆಗೆ ಹೋಗಿದ್ದರು. ಎಣ್ಣೆ ಮುಗಿಯುತ್ತದೋ, ಚಾಪೆಗೆ ಕಿಡಿ ತಾಗುತ್ತದೋ ಎಂದು ರಾತ್ರಿಯಲ್ಲಿ ಮತ್ತೆ ಮತ್ತೆ ಏಳುತ್ತಿದ್ದರಂತೆ. ಹೊಗೆಗೆ ಕೆಮ್ಮು ಬೇರೆ. ಜನವರಿಯಲ್ಲಿ ಇಲ್ಲಿಂದ ಹೊರಡುವ ಕಂಟೇನರ್ ತಪ್ಪಿದರೆ ಆ ದ್ವೀಪಕ್ಕೆ ಹೋಗುವ ಮುಂದಿನ ಹಡಗು ಯಾವಾಗಲೋ. ಮೆರೆಟಾಳಿಗೆ ಬೇಕಾಗಿದ್ದದ್ದು ಒಂದೇ, ಚಿಕ್ಕಮ್ಮ ಒಂದು ರಾತ್ರಿ ಪೂರ್ತಿ ಮಲಗುವುದು.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಲಗುವಾಗ ಕಣ್ಣು ಮುಚ್ಚುತ್ತೀವಿ ಅಂತ ನೀನು ಯಾರಿಗಾದರೂ ಹೇಳಿದ್ದೀಯಾ ಎಂದು ತಿರುಗಿ ಕೇಳಿದಳು.

ಮುಂದಿನ ಗುರುವಾರ ನಾನು ಸ್ವಿಚ್ಚಿನ ವಿರುದ್ಧ ಮಾತಾಡಿದೆ. ಕೈಯಲ್ಲಿದ್ದದ್ದು ಗಟ್ಟಿ ವಾದ. ದೀಪ ಐದು ತಾಸಿಗೇ ಆರಿದರೆ ಜನ ಕತ್ತಲಲ್ಲಿ ಮಲಗುವುದಿಲ್ಲ, ಎದ್ದು ಸೀಮೆಎಣ್ಣೆ ಹಚ್ಚುತ್ತಾರೆ. ಬ್ಯಾಟರಿ ಉಳಿಯುತ್ತದೆ, ಹೊಗೆಯೂ ಉಳಿಯುತ್ತದೆ. ಡಯಾನ್, ಜನರಿಗೆ ತರಬೇತಿ ಕೊಡಬಹುದಲ್ಲ ಎಂದರು. ಮಲಗುವುದಕ್ಕೆ ತರಬೇತಿಯೇ ಎಂದು ನಾನು ಕೇಳಿದೆ. ಆಗ ಮೆರೆಟಾ ಕಿಟಕಿಯ ಹೊರಗೆ ಕೈ ತೋರಿಸಿದಳು. ಪಾರ್ಕಿಂಗ್ ಜಾಗದ ಎತ್ತರದ ಕಂಬಗಳಲ್ಲಿ ಮಧ್ಯಾಹ್ನವೇ ದೀಪಗಳು ಹತ್ತಿದ್ದವು.

"ಅವು ರಾತ್ರಿಯೆಲ್ಲ ಖಾಲಿ ಜಾಗಕ್ಕೆ ಉರೀತವೆ. ಅದನ್ನ ಯಾರೂ ದುರ್ಬಳಕೆ ಅನ್ನಲ್ಲ."

ಚರ್ಚಾಸ್ಪರ್ಧೆಯಲ್ಲಿ ಪ್ರತಿಸ್ಪರ್ಧಿ ಅಂಥ ಮಾತು ಆಡಿದ್ದರೆ ನಾನು ವೇದಿಕೆಯ ಮೇಲೆ ನಿಂತೇ ಚಪ್ಪಾಳೆ ತಟ್ಟುತ್ತಿದ್ದೆ.

ಶ್ರೀಕಂಠಯ್ಯನವರು ಮಾತ್ರ ಒಪ್ಪಲಿಲ್ಲ. ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. "ಅಲ್ಲಮ್ಮ, ದೆವ್ವಕ್ಕೆ ಹೆದರಿ ದೀಪ ಇಡೋರಿಗೆ ನಾನು ದೊಡ್ಡ ಬ್ಯಾಟರಿ ಕೊಡ್ಬೇಕಾ? ಇಂಥದ್ದನ್ನೆಲ್ಲ ಬಿಟ್ಟು ಬಂದವನು ನಾನು." ದೆವ್ವವನ್ನು ನಾನೂ ನಂಬುವುದಿಲ್ಲ ಎಂದೆ. ಆದರೆ ಜನ ತಮ್ಮ ನಿದ್ದೆಯ ರೀತಿಯನ್ನೇ ಬದಲಿಸಿಕೊಂಡರೆ ಮಾತ್ರ ಕೆಲಸ ಮಾಡುವ ಯಂತ್ರ ಕೆಟ್ಟ ಯಂತ್ರ, ಅದನ್ನು ಮಾಡಿದವರು ವಿಚಾರವಾದಿಗಳಾದರೂ ಅಷ್ಟೆ. ದೊಡ್ಡ ಬ್ಯಾಟರಿ ಎಂದರೆ ದೊಡ್ಡ ಪ್ಯಾನೆಲ್, ಭಾರದ ಪೆಟ್ಟಿಗೆ, ಇರುವ ಹಣ ಅರ್ಧದಷ್ಟು ಮನೆಗೆ ಮಾತ್ರ ಸಾಕಾಗುತ್ತದೆ ಎಂದು ಅವರೆಂದರು. ಅವರು ತಮ್ಮ ಡಬ್ಬಿಯನ್ನು ಎತ್ತಿ ಡ್ರಾಯರಿನಲ್ಲಿ ಹಾಕಿ, ದೀಪ ಆರಿಸದೆ ಮನೆಗೆ ಹೊರಟರು. ಆರಿಸುವುದನ್ನು ಅವರು ಯಾವತ್ತೂ ಮರೆಯುತ್ತಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ, ನಾನಿನ್ನೂ ಬಸ್ಸಿನಲ್ಲಿರುವಾಗಲೇ ಅವರ ಕಾಲ್ ಬಂತು.

"ಝೀರೋ ಬಲ್ಬ್ ಕಣಮ್ಮ."

ಏನು ಸರ್ ಎಂದೆ.

"ನಿಮ್ಮನೇಲಿ ಇರ್ಲಿಲ್ವಾ? ರೂಮಲ್ಲಿ, ಮಲಗೋವಾಗ?"

ಇತ್ತು. ದಾವಣಗೆರೆಯ ನಮ್ಮ ಮನೆಯಲ್ಲಿ ನೀಲಿಯದು, ಬಾಗಿಲ ಮೇಲೆ. ನಂಜನಗೂಡಿನ ಅವರ ಮನೆಯಲ್ಲಿ ಹಸಿರಿನದು. ಮೈಸೂರಿನಿಂದ ಬೀದರಿನ ತನಕ ಯಾವ ಮನೆಯ ಮಲಗುವ ಕೋಣೆ ಪೂರ್ತಿ ಕತ್ತಲಿರುತ್ತಿತ್ತು? ದೊಡ್ಡ ಲೈಟ್ ಆರಿಸಿದ ಕೈ ತಾನಾಗಿ ಪಕ್ಕದ ಸ್ವಿಚ್ಚನ್ನು ಒತ್ತುತ್ತಿತ್ತು. ಹೆಸರಿಗೆ ಝೀರೋ, ಅದು ಕುಡಿಯುವಷ್ಟು ಕರೆಂಟನ್ನು ಕುಡಿಯುತ್ತಲೇ ಇತ್ತು, ಹಳೆಯ ಮೀಟರುಗಳಿಗೆ ಮಾತ್ರ ಕಾಣುತ್ತಿರಲಿಲ್ಲ. ಅದರ ಕೆಳಗೇ ಮಲಗಿ ಬೆಳೆದ ಇಬ್ಬರು, ಜನ ರಾತ್ರಿ ದೀಪ ಇಟ್ಟುಕೊಂಡು ಮಲಗುತ್ತಾರೆಂಬುದನ್ನು ಊಹಿಸಲಾರದೆ ಫ್ರೀಜರಿನ ಕಳ್ಳನನ್ನು ಹುಡುಕಿದ್ದೆವು. ಇಂಥ ತಪ್ಪನ್ನು ಅಮೆರಿಕನ್ನರು ಮಾಡಿದ್ದರೆ ನಾನು ಒಂದು ಪ್ರಬಂಧ ಬರೆಯುತ್ತಿದ್ದೆ.

ಅವರ ಯೋಚನೆ ಸರಳವಾಗಿತ್ತು. ಎರಡು ದೊಡ್ಡ ದೀಪಗಳಿಗೆ ಆ ಐದು ತಾಸಿನ ಸ್ವಿಚ್ಚೇ ಇರಲಿ. ಮೂರನೆಯದನ್ನು ತೆಗೆದು ಅದರ ಜಾಗದಲ್ಲಿ ಕಡಲೆಕಾಳಿನಷ್ಟು ಒಂದು ಎಲ್‌ಇಡಿ ಇಟ್ಟರೆ ಬೆಳಗಿನ ತನಕ ಉರಿದರೂ ಬ್ಯಾಟರಿಗೆ ಭಾರವಿಲ್ಲ. ಆದರೆ ಎಷ್ಟು ಬೆಳಕು ಬೇಕು? ಅದನ್ನು ಮೆರೆಟಾಳೇ ಹೇಳಬೇಕು.

ಡಿಸೆಂಬರಿನ ಒಂದು ಸಂಜೆ, ಐದಕ್ಕೂ ಮೊದಲೇ ಕಪ್ಪಾಗಿದ್ದ ಹೊತ್ತಿನಲ್ಲಿ, ನಾನೂ ಅವಳೂ ಕಟ್ಟಡದ ಹಿಂದಿನ ಜೌಗಿನ ದಾರಿಯಲ್ಲಿ ನಡೆದೆವು. ಕಾಲ ಕೆಳಗೆ ಒದ್ದೆ ಎಲೆ, ನೀರಿನಲ್ಲಿ ಬಾತುಗಳ ಗೊಣಗಾಟ, ದೂರದಲ್ಲಿ ಹೆದ್ದಾರಿಯ ಮೊರೆತ. ಶ್ರೀಕಂಠಯ್ಯನವರು ಒಳಗೆ ಲೈಟುಗಳನ್ನೆಲ್ಲ ಆರಿಸಿ ಕಿಟಕಿಯಲ್ಲಿ ಪುಟ್ಟ ದೀಪ ಹಿಡಿದು ನಿಂತಿದ್ದರು, ಅವರ ಫೋನಿಗೆ ನನ್ನ ಫೋನು. ಮೆರೆಟಾ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋಗಿ ಒಂದು ಆಲ್ಡರ್ ಮರದ ಹತ್ತಿರ ನಿಂತಳು. ಚಿಕ್ಕಮ್ಮನ ಮನೆಗೂ ಪಕ್ಕದ ಮನೆಗೂ ಇಷ್ಟೇ ದೂರವಂತೆ. ನಡುವೆ ಹಲಸಿನ ಜಾತಿಯದೊಂದು ಮರವಿದೆ, ಅದು ಇರಲಿ ಎಂದಳು.

ಮೊದಲು ಹೊತ್ತಿದ್ದು ಹಸಿರು. ಮೆರೆಟಾ ನಕ್ಕಳು. ಹಸಿರು ಎಂದರೆ ಹಡಗಿನ ದೀಪ, ಮೀನು ಹಿಡಿಯಲು ಹೋದವರು ಮನೆಯನ್ನು ಹಡಗೆಂದುಕೊಂಡು ದಾರಿ ಬಿಟ್ಟು ಸರಿಯುತ್ತಾರೆ ಎಂದಳು. ನಾನು ಇದನ್ನು ಫೋನಿಗೆ ದಾಟಿಸಿದೆ. ನಂಜನಗೂಡಿನ ಹಸಿರು ಅಲ್ಲಿಗೆ ಮುಗಿಯಿತು. ಹಳದಿ ಬಂತು. ಜಾಸ್ತಿಯಾಯಿತು ಎಂದಳು. ಕಡಿಮೆ ಮಾಡಿದರು. ಇನ್ನೂ ಕಡಿಮೆ ಎಂದಳು. ಇಷ್ಟು ಕಡಿಮೆಯಾದರೆ ಏನು ಕಾಣುತ್ತದೆ ಎಂದು ನಾನು ಅಭ್ಯಾಸಬಲದಿಂದ ಆಕ್ಷೇಪ ಎತ್ತಿದೆ.

"ಮನೇಲಿ ಜನ ಇದ್ದಾರೆ ಅಂತ ಕಾಣಬೇಕು" ಎಂದಳು. "ಯಾರು ಅಂತ ಕಾಣಬಾರದು."

ನಾನದನ್ನು ಕನ್ನಡದಲ್ಲಿ ಫೋನಿಗೆ ಹೇಳಿದೆ. ಶ್ರೀಕಂಠಯ್ಯನವರು "ಸರಿ" ಎಂದಷ್ಟೇ ಅಂದು ಇನ್ನೊಂದು ಸಲ ಬೆಳಕು ತಗ್ಗಿಸಿದರು. ಮಳೆಹನಿಗಳ ಆಚೆ ಅದು ಕಂಡೂ ಕಾಣದಂತೆ ನಿಂತಿತು. ಮೆರೆಟಾ ಬಹಳ ಹೊತ್ತು ನೋಡಿದಳು. ಅಷ್ಟು ಸಾಕೆಂಬಂತೆ ಆ ಬೆಳಕಿನ ಕಡೆಗೆ ನಡೆಯತೊಡಗಿದಳು.

ಆಮೇಲೆ ಕೆಲಸ. ಪ್ಯಾಕ್ ಆಗಿದ್ದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ದೀಪ ಬದಲಿಸಬೇಕಿತ್ತು, ಕಂಟೇನರ್ ಯಾರಿಗೂ ಕಾಯುವುದಿಲ್ಲ. ಶ್ರೀಕಂಠಯ್ಯನವರು ತಮಗೆ ಗೊತ್ತಿದ್ದ ಕನ್ನಡಿಗರಿಗೆಲ್ಲ ಫೋನ್ ಮಾಡಿದರು. ಕ್ರಿಸ್‌ಮಸ್ ರಜೆಯಲ್ಲಿ ರೆಡ್ಮಂಡಿನಿಂದ ಸಾಫ್ಟ್‌ವೇರಿನವರು ಪುಳಿಯೋಗರೆ ಡಬ್ಬಿ ಹಿಡಿದು ಸಂಸಾರ ಸಮೇತ ಬಂದರು. ಜಗತ್ತಿನ ಅರ್ಧ ಕಂಪ್ಯೂಟರುಗಳು ತಮ್ಮ ಕೋಡಿನಿಂದಲೇ ಓಡುತ್ತವೆ ಎನ್ನುತ್ತಿದ್ದವರಿಗೆ ಬೆಸುಗೆ ಹಾಕಲು ಬರುತ್ತಿರಲಿಲ್ಲ. ಒಬ್ಬರು ದೀಪವನ್ನು ತಮ್ಮ ಸ್ವೆಟರಿನ ತೋಳಿಗೆ ಸೇರಿಸಿ ಬೆಸೆದರು. ಅವರ ಹೆಂಡತಿ, "ಬಿಡಿ, ಮನೇಲೂ ಹಿಂಗೇ" ಎಂದು ಅದನ್ನು ಕೈಯಿಂದ ಕಿತ್ತುಕೊಂಡು, ಎರಡನೆಯ ದಿನದ ಹೊತ್ತಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬೆಸೆಯುತ್ತಿದ್ದರು. ಮಧ್ಯೆ ಡಯಾನ್ ಒಮ್ಮೆ ಬಂದು, ಕೋಟು ತೆಗೆದಿಟ್ಟು, ಪೆಟ್ಟಿಗೆಗಳಿಗೆ ಟೇಪು ಹಚ್ಚಿ ಹೋದರು. ಆಸ್ಪತ್ರೆಗೆ ದೊಡ್ಡ ಪ್ಯಾನೆಲ್ ಎಂಬ ನನ್ನ ವಾದವನ್ನು ನಾನು ಬಿಟ್ಟಿರಲಿಲ್ಲ. ಟೇಪಿನ ಜೊತೆಗೆ ಅದನ್ನೂ ಅವರ ಕೈಗೆ ಕೊಟ್ಟೆ. ಮುಂದಿನ ವರ್ಷ ಯೋಚಿಸೋಣ ಎಂದರು, ಯೋಚಿಸಿದರು ಕೂಡ.

ಕಡೆಯ ಪೆಟ್ಟಿಗೆಗಳನ್ನು ಶ್ರೀಕಂಠಯ್ಯನವರೇ ತಮ್ಮ ವ್ಯಾನಿನಲ್ಲಿ ಬಂದರಿಗೆ ಒಯ್ದರು. ಕಂಟೇನರಿನ ಬಾಗಿಲು ಮುಚ್ಚಿದ ಮೇಲೆ ನಮಗೆ ಮಾಡಲು ಏನೂ ಉಳಿಯಲಿಲ್ಲ. ಜನವರಿ ಹೋಯಿತು, ಫೆಬ್ರವರಿಯೂ. ಹಡಗು ರಾಜಧಾನಿ ಮುಟ್ಟಿತು ಎಂದು ತಿಳಿಯಿತು, ಅಲ್ಲಿಂದ ಮುಂದೆ ಯಾವ ಸುದ್ದಿಯೂ ಇಲ್ಲ. ನನ್ನ ಅವಧಿ ಮುಗಿದರೂ ಗುರುವಾರ ಬಂತೆಂದರೆ ಬಸ್ಸು ಹತ್ತಿ ಹೋಗಿ ಕೂರುತ್ತಿದ್ದೆ. ಮೆರೆಟಾಳನ್ನು ಕೇಳಿದರೆ ಏನೂ ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ಶ್ರೀಕಂಠಯ್ಯನವರು ಒಂದು ಪೆಟ್ಟಿಗೆಯನ್ನು ಇಲ್ಲೇ ಉಳಿಸಿಕೊಂಡು ಮೇಜಿನ ಮೇಲಿಟ್ಟಿದ್ದರು, ಅದರ ಸಣ್ಣ ದೀಪ ಹಗಲೂ ರಾತ್ರಿಯೂ ಉರಿಯುತ್ತಿತ್ತು. ಪರೀಕ್ಷೆ ಎನ್ನುತ್ತಿದ್ದರು.

ಏಪ್ರಿಲ್‌ನಲ್ಲಿ, ರಸ್ತೆ ಬದಿಯ ಚೆರ್ರಿ ಮರಗಳ ಹೂವು ಉದುರಿ ಪಾರ್ಕಿಂಗ್ ಜಾಗದಲ್ಲಿ ಒದ್ದೆಯಾಗಿ ಅಂಟಿಕೊಂಡಿದ್ದಾಗ, ದ್ವೀಪಕ್ಕೆ ಫೋನ್ ಸಿಕ್ಕಿತು. ಆ ದ್ವೀಪದ ಶಾಲೆಯಲ್ಲಿ ಒಂದು ಸ್ಯಾಟಲೈಟ್ ಫೋನ್ ಇತ್ತು, ಚಿಕ್ಕಮ್ಮನನ್ನು ಅಲ್ಲಿಗೆ ಕರೆಸಿದ್ದರು. ಮೆರೆಟಾ ಸ್ಪೀಕರ್ ಹಾಕಿದಳು. ಅವರ ಭಾಷೆ ನನಗೆ ಬರುವುದಿಲ್ಲ, ದನಿ ಮಾತ್ರ ಕೇಳಿಸಿತು. ದೂರದ, ಒರಟಾದ, ಅವಸರವಿಲ್ಲದ ದನಿ. ಮಕ್ಕಳ ಸುದ್ದಿ, ಮೀನಿನ ಸುದ್ದಿ, ಯಾರದೋ ಮದುವೆಯ ಸುದ್ದಿ ಮುಗಿಯುವ ತನಕ ಶ್ರೀಕಂಠಯ್ಯನವರು ಪೆನ್ನು ಹಿಡಿದು ಕಾದರು. ಕೊನೆಗೆ ತಡೆಯಲಾರದೆ, ದೀಪ ಬೆಳಗಿನ ತನಕ ಉರಿಯುತ್ತದೋ ಕೇಳು ಎಂದು ಮೆರೆಟಾಳಿಗೆ ಸನ್ನೆ ಮಾಡಿದರು.

ಅವಳು ಕೇಳಿದಳು. ಆ ಕಡೆಯಿಂದ ಒಂದು ಸಣ್ಣ ಉತ್ತರ ಬಂತು. ಮೆರೆಟಾ ಫೋನಿನ ಮೇಲೆ ಕೈ ಇಟ್ಟಳು.

"ಏನಂತೆ?" ಎಂದರು ಶ್ರೀಕಂಠಯ್ಯನವರು.

"ಗೊತ್ತಿಲ್ಲವಂತೆ" ಎಂದಳು. "ನಾನು ಮಲಗಿರ್ತೀನಿ, ನನಗೆ ಹೇಗೆ ಗೊತ್ತಾಗಬೇಕು ಅಂತಾರೆ."